ಉವಾಸೆ ಓದದೆ ಬಿಟ್ಟ ಹೆಸರು

ಉವಾಸೆಯ ಅಮ್ಮನಿಗೆ ಇನ್ನೂ ವೀಸಾ ಸಿಕ್ಕಿಲ್ಲ ಎಂದು ಟೊರಾಂಟೊದ ಸ್ಕಾರ್‌ಬರೋದ ಆ ಹದಿನಾಲ್ಕು ಮಹಡಿಯ ಕಟ್ಟಡದ ಮಕ್ಕಳೆಲ್ಲ ನಂಬಿದ್ದರು. ನಂಬದಿರುವುದಕ್ಕೆ ಕಾರಣವಾದರೂ ಏನಿತ್ತು? ಅಲ್ಲಿ ಮನೆಮನೆಯಲ್ಲೂ ಯಾರೋ ಒಬ್ಬರು ಬರುವುದು ಬಾಕಿ ಇರುತ್ತಿತ್ತು. ಮೂರನೇ ಮಹಡಿಯ ಜಾಫ್ನಾ ಹುಡುಗಿಗೆ ಅಪ್ಪ ಬರಬೇಕಿತ್ತು, ಎಂಟನೇ ಮಹಡಿಯ ಸೊಮಾಲಿ ಅಕ್ಕತಂಗಿಯರಿಗೆ ಅಜ್ಜಿ ಬರಬೇಕಿತ್ತು. ಲಿಫ್ಟು ಕೆಟ್ಟ ದಿನ ಹುಡುಗಿಯರು ಮೆಟ್ಟಿಲ ಮೇಲೆ ಕೂತು ತಮ್ಮ ತಮ್ಮವರ ಸುದ್ದಿ ಹೇಳಿಕೊಳ್ಳುವಾಗ ಒಂಬತ್ತು ವರ್ಷದ ಉವಾಸೆಯೂ ಹೇಳುತ್ತಿದ್ದಳು: "ನಮ್ಮಮ್ಮ ಕಿಗಾಲಿಯಲ್ಲಿ ಬ್ಯಾಂಕಲ್ಲಿದ್ದಾರೆ. ಪೇಪರ್ಸ್ ಆಗ್ಬೇಕು ಅಷ್ಟೆ."

ಬ್ಯಾಂಕು ಸುಳ್ಳು, ಪೇಪರ್ಸು ಸುಳ್ಳು. ಬರುವುದು ಬಾಕಿ ಇದೆ ಅನ್ನುವುದನ್ನು ಮಾತ್ರ ಅವಳು ಸುಳ್ಳೆಂದುಕೊಂಡು ಹೇಳುತ್ತಿರಲಿಲ್ಲ.

ಅವಳಿಗೆ ನಾಲ್ಕು ವರ್ಷವಾಗಿದ್ದಾಗ, ತೊಂಬತ್ತನಾಲ್ಕರ ಏಪ್ರಿಲಿನಲ್ಲಿ, ಅವಳ ದೇಶ ರುವಾಂಡಾದಲ್ಲಿ ಟುಟ್ಸಿ ಎಂದು ಗುರುತುಚೀಟಿಯಲ್ಲಿ ಬರೆಸಿಕೊಂಡಿದ್ದವರನ್ನೆಲ್ಲ ಹುಡುಕಿ ಹುಡುಕಿ ಕೊಂದರು. ಕೊಂದವರಲ್ಲಿ ಬಹಳ ಮಂದಿ ಬೇರೆ ಊರಿನವರಲ್ಲ, ನಿನ್ನೆಯವರೆಗೆ ಒಂದೇ ಬಾವಿಯ ನೀರು ಕುಡಿದವರು. ಉವಾಸೆಯ ಅಪ್ಪನನ್ನು ರಸ್ತೆತಡೆಯಲ್ಲಿ ಇಳಿಸಿಕೊಂಡರು. ಅಜ್ಜಿಯ ಮನೆಗೆ ಹೋಗಿದ್ದ ಅಣ್ಣ ಅಜ್ಜಿಯ ಜೊತೆಗೇ ಹೋದ. ಅಮ್ಮ ಮುಕಾಮುಸೋನಿ ಅವಳನ್ನು ಎತ್ತಿಕೊಂಡು ಹಿತ್ತಿಲು ದಾಟಿ ನೆರೆಮನೆಯ ಮುದುಕಿಯ ಹತ್ತಿರ ಬಂದಳು. ಕೊಲ್ಲುತ್ತಿದ್ದವರ ಹಾಗೆ ಆ ಮುದುಕಿಯೂ ಹುಟು ಜನದವಳು. ಆದರೂ ಹುರುಳಿಯ ದೊಡ್ಡ ಬುಟ್ಟಿಗಳ ಹಿಂದೆ ಜಾಗ ಮಾಡಿಕೊಟ್ಟಳು. ಮಗಳನ್ನು ಕೂರಿಸಿ ಅಮ್ಮ ಹೇಳಿದ್ದು ಎರಡೇ ಮಾತು: "ಕೂಗಬೇಡ. ನಾನು ಬರುವ ತನಕ ಇಲ್ಲೇ ಇರು."

ಮಗು ಕೂಗಲಿಲ್ಲ. ಅಮ್ಮನೂ ಬರಲಿಲ್ಲ.

ಬುರುಂಡಿಯಲ್ಲಿ ಓದುತ್ತಿದ್ದು ಬದುಕಿಕೊಂಡಿದ್ದ ಚಿಕ್ಕಮ್ಮ ಬೆಯಾತಾ, ಅಮ್ಮನ ತಂಗಿ, ಗಲಾಟೆ ಅಡಗಿದ ಮೇಲೆ ಬಂದು ಅವಳನ್ನು ಕರೆದುಕೊಂಡು ಹೋದಳು. ಅಲ್ಲಿಂದ ನೈರೋಬಿ, ನೈರೋಬಿಯಿಂದ ಟೊರಾಂಟೊ. ಎಷ್ಟೋ ವರ್ಷದ ಮೇಲೆ ಊರಲ್ಲಿ ಗಚಾಚಾ ಎಂಬ ಪಂಚಾಯ್ತಿ ಕೂತಿತು. ಕೊಂದವರು ಹುಲ್ಲಿನ ಮೇಲೆ ನಿಂತು ಒಬ್ಬೊಬ್ಬರಾಗಿ ಬಾಯಿಬಿಟ್ಟರು: ಇವನನ್ನು ಇಲ್ಲಿ, ಅವಳನ್ನು ಅಲ್ಲಿ. ಅಪ್ಪ ಸಿಕ್ಕಿದ, ಬೆಲ್ಟಿನಿಂದ ಗುರುತು ಹಿಡಿದರು. ಅಣ್ಣ ಸಿಕ್ಕಿದ. ಮುಕಾಮುಸೋನಿಯ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಕೊಂದೆ ಅಂದವನಿಲ್ಲ, ಕಂಡೆ ಅಂದವನಿಲ್ಲ. ಬಾಗಿಲು ಅಷ್ಟೇ ಅಷ್ಟು ತೆರೆದೇ ಉಳಿಯಿತು, ಆ ಸಂದಿನಲ್ಲಿ ಉವಾಸೆ ಬೆಳೆದಳು.

ಬೆಳೆಯುವುದೇನು, ಬೆಳೆದಳು. ಬಸ್ಸಿನಲ್ಲಿ ಅವಳು ಜಮೈಕಾದವಳು, ಶಾಲೆಯಲ್ಲಿ ಆಫ್ರಿಕಾದವಳು, ತನ್ನ ಊರಿನವರ ಮದುವೆಮನೆಗಳಲ್ಲಿ ಬದುಕಿ ಉಳಿದವಳು. ಹೈಸ್ಕೂಲಿನಲ್ಲಿ ಒಂದು ದಿನ ಟೀಚರು ಅವಳ ದೇಶದ ಡಾಕ್ಯುಮೆಂಟರಿ ಹಾಕುವ ಮೊದಲು ಹತ್ತಿರ ಬಂದು, ಬೇಕಾದರೆ ಹೊರಗೆ ಹೋಗಬಹುದು ಎಂದರು. ಇಡೀ ಕ್ಲಾಸು ತಿರುಗಿ ನೋಡಿತು. ಅವಳು ಹೋಗಲಿಲ್ಲ. ನಲವತ್ತು ನಿಮಿಷ ಪರದೆಯ ಮೇಲೆ ಬಂದ ಒಂದೊಂದು ಹೆಂಗಸಿನ ಮುಖವನ್ನೂ, ಇವಳಿರಬಹುದೇ ಎಂದು ಹುಡುಕಿದಳು. ಅಮ್ಮನ ಮುಖ ಅವಳಿಗೆ ನೆನಪಿರಲಿಲ್ಲ. ಬುಟ್ಟಿಗಳ ಸಂದಿಯಿಂದ ಕಂಡಿದ್ದು ಹೋಗುತ್ತಿದ್ದ ಬೆನ್ನು, ಸೊಂಟದಲ್ಲಿ ಹಳದಿ ಬಟ್ಟೆಯ ಗಂಟು, ಅಷ್ಟೆ. ಮುಖಕ್ಕೆ ಇದ್ದದ್ದು ಒಂದೇ ಫೋಟೊ. ಯಾರದೋ ಮದುವೆಯ ಗುಂಪಿನಲ್ಲಿ ಎರಡನೇ ಸಾಲಿನಲ್ಲಿ, ಹೆಬ್ಬೆರಳ ಉಗುರಿನಷ್ಟು ಅಗಲ.

ಎರಡು ಸಾವಿರದ ಒಂಬತ್ತರಲ್ಲಿ, ಹದಿನೈದನೇ ವರ್ಷದ ಸ್ಮರಣೆಗೆಂದು ಟೊರಾಂಟೊದಲ್ಲಿದ್ದ ರುವಾಂಡಾದ ಹುಡುಗ ಹುಡುಗಿಯರು ಒಂದು ಗುಂಪು ಕಟ್ಟಿಕೊಂಡರು. ನೀನು ಟುಟ್ಸಿಯೋ ಹುಟುವೋ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವಂತಿರಲಿಲ್ಲ, ಅದೊಂದೇ ಕಟ್ಟುಪಾಡು. ಅಲ್ಲಿಗೆ ಪಾಸ್ಕಲ್ ಎಂಬ ಹುಡುಗ ಬರುತ್ತಿದ್ದ. ಎರಡು ವರ್ಷ ಸುಮ್ಮನೆ ಬಂದು ಹೋಗಿ, ಒಂದು ದಿನ ಯಾರೂ ಕೇಳದೆಯೇ ಎದ್ದು ನಿಂತು ಹೇಳಿದ: "ನನ್ನ ಅಪ್ಪ ಅಲ್ಲಿ ಜೈಲಿನಲ್ಲಿದ್ದಾನೆ. ಅವನ ಮೇಲೆ ಹೇಳಿದ್ದೆಲ್ಲ ನಿಜ. ನನಗೆ ಏನಾದರೂ ಕೆಲಸ ಕೊಡಿ." ಯಾರೋ ಕುರ್ಚಿ ಜೋಡಿಸಲು ಹೇಳಿದರು. ಹಿರಿಯರಲ್ಲಿ ಕೆಲವರು ಗೊಣಗಿದರು. ಮುಂದಿನ ವರ್ಷದ ಹೊತ್ತಿಗೆ ಸತ್ತವರ ಪಟ್ಟಿ ಟೈಪು ಮಾಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಆ ಪಟ್ಟಿಗೆ ಸೇರಿಸಲು ಅವನ ಹತ್ತಿರ ಒಂದು ಹೆಸರೂ ಇರಲಿಲ್ಲ, ಆದರೂ ಅಷ್ಟೂ ಹೆಸರುಗಳ ಸ್ಪೆಲ್ಲಿಂಗು ಅವನಿಗೆ ಬಾಯಿಪಾಠ.

ಪಟ್ಟಿ ಓದುವುದು ಉವಾಸೆಯ ಕೆಲಸ. ಅವಳ ದನಿ ಅಷ್ಟು ಸ್ಥಿರ. ಪ್ರತಿ ಏಪ್ರಿಲ್‌ನಲ್ಲಿ ಹೆಸರು, ವಯಸ್ಸು, ಹೆಸರು, ವಯಸ್ಸು ಎಂದು ಓದುತ್ತಾ ಹೋಗುವಳು. ಅಪ್ಪನ ಹೆಸರು ಓದಿದಳು, ಅಣ್ಣನದೂ ಓದಿದಳು. ಅಮ್ಮನದು ಪಟ್ಟಿಯಲ್ಲೇ ಇರಲಿಲ್ಲ, ಅವಳು ಕೊಟ್ಟಿರಲಿಲ್ಲ.

"ಕೊಡು ಮಗಳೇ," ಎಂದು ಬೆಯಾತಾ ವರ್ಷ ವರ್ಷವೂ ಹೇಳುವಳು. "ಅವಳೊಬ್ಬಳು ಹೊರಗೆ ನಿಂತ ಹಾಗಾಗಿದೆ."

"ಸುದ್ದಿ ಬರಲಿ."

"ಎಲ್ಲಿಂದ ಬರತ್ತೆ ಸುದ್ದಿ? ಗಾಳಿಯಿಂದಲಾ?"

ಗುಂಪಿನ ಹುಡುಗರು ತಾವು ಯಾರು, ರುವಾಂಡಾದವರೇ, ಕೆನಡಾದವರೇ, ಅಪ್ಪ ಅಮ್ಮ ಹೊತ್ತು ತಂದದ್ದನ್ನು ತಾವೂ ಹೊರಬೇಕೇ ಎಂದು ಗಂಟೆಗಟ್ಟಲೆ ಚರ್ಚೆ ಮಾಡುವಾಗ ಅವಳಿಗೆ ಮನಸ್ಸಿನಲ್ಲಿ ಒಂದೇ ಉತ್ತರ ಸಿದ್ಧವಿತ್ತು. ತಾನು ಕಾಯುವವಳು. ಅದೊಂದನ್ನು ತೆಗೆದರೆ ತನ್ನಲ್ಲಿ ಏನು ಉಳಿಯುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ.

ಕಾಲೇಜಿನಲ್ಲಿ ಮಕ್ಕಳ ಆರೈಕೆಯ ಕೋರ್ಸು ಮುಗಿಸಿ ಎರಡು ಸಾವಿರದ ಹನ್ನೆರಡರಲ್ಲಿ ಅವಳು ಯೂನಿಯನ್‌ವಿಲ್‌ನ ಒಂದು ಕನ್ನಡದವರ ಮನೆಗೆ ಕೆಲಸಕ್ಕೆ ಸೇರಿದಳು. ಬಸ್ಸು ಟೊರಾಂಟೊದ ಗಡಿಯಾದ ಸ್ಟೀಲ್ಸ್ ರಸ್ತೆ ದಾಟಿದರೆ ಇನ್ನೊಂದು ಟಿಕೆಟ್ಟು, ಒಂದೂಕಾಲು ಗಂಟೆಯ ದಾರಿ. ಮನೆಯೊಡತಿ ನೀನಾ ಸಾಫ್ಟ್‌ವೇರಿನವಳು, ಹೆರಿಗೆ ರಜೆ ಮುಗಿದಿತ್ತು. ಗಂಡ ಮುಕುಂದ್‌ನೂ ಅದೇ ಕಸುಬು. ಮಗು ಈಶಾಗೆ ಆಗ ವರ್ಷ. ಮನೆಯಲ್ಲಿ ಹಗಲೆಲ್ಲ ಇರುತ್ತಿದ್ದವರು ಮುಕುಂದನ ತಾಯಿ ಸತ್ಯಭಾಮಾ. ನಲವತ್ತು ವರ್ಷದ ಹಿಂದೆ ಡಾಕ್ಟರ್ ಗಂಡನ ಜೊತೆ ಮೈಸೂರಿನಿಂದ ಬಂದವರು. ಎರಡೂ ಮೊಣಕಾಲಿನ ಆಪರೇಶನ್ ಆಗಿ, ಮಗುವನ್ನು ಎತ್ತಿಕೊಳ್ಳಲಾರರು, ಆದರೆ ಎತ್ತಿಕೊಳ್ಳುವುದು ಹೇಗೆ ಎಂದು ಹೇಳಿಕೊಡದೆ ಇರಲಾರರು. ಅವರ ಮಾತು ಇಂಗ್ಲಿಷಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಎರಡು ವರ್ಷದಲ್ಲಿ ಉವಾಸೆಗೆ ಮುಗಿಯುವ ಭಾಗವೂ ಅರ್ಥವಾಗತೊಡಗಿತು. ಈಶಾ ಅಜ್ಜಿ ಅಂದ ಹಾಗೆ ಅವಳೂ ಅಜ್ಜಿ ಅಂದಳು.

ನಡುಮನೆಯ ಗೋಡೆಯ ಮೇಲೆ ಡಾಕ್ಟರ್ ರಾಜಗೋಪಾಲರ ಫೋಟೊ ಇತ್ತು, ಅದಕ್ಕೆ ಗಂಧದ ಚಕ್ಕೆಯ ಹಾರ. ಕೆಲಸಕ್ಕೆ ಸೇರಿದ ಮೊದಲ ವಾರವೇ ಉವಾಸೆ ಅದು ಯಾಕೆಂದು ಕೇಳಿದ್ದಳು.

"ಹೋಗ್ಬಿಟ್ರಲ್ಲ, ಅದಕ್ಕೆ," ಎಂದಿದ್ದರು ಸತ್ಯಭಾಮಾ. "ಇದ್ದಾಗ ಹಾಕಲ್ಲ. ಹಾರ ಬಿತ್ತು ಅಂದ್ರೆ ಇನ್ನು ಬರಲ್ಲ ಅಂತ. ಇದ್ದಾಗ ಟೈ ಬಿಟ್ಟು ಕುತ್ತಿಗೆಗೆ ಏನೂ ಹಾಕ್ಕೊಳ್ಳದ ಮನುಷ್ಯ, ನೋಡು ಈಗ."

ಎರಡು ಸಾವಿರದ ಹದಿನಾಲ್ಕು ಬಂತು. ಇಪ್ಪತ್ತನೇ ವರ್ಷ. ಚಳಿ ಆ ಸಲ ಮಾರ್ಚ್ ಕಳೆದರೂ ಜಗ್ಗಲಿಲ್ಲ, ಡ್ರೈವ್‌ವೇ ಪಕ್ಕದ ಹಿಮದ ಗುಡ್ಡೆಗಳು ಕಪ್ಪಗಾಗಿ ಕಲ್ಲಿನಂತೆ ಕೂತಿದ್ದವು. ಮದುವೆಯ ಆ ಫೋಟೊದ ಅಂಚು ಕಿತ್ತು ಬರತೊಡಗಿತ್ತು. ಸ್ಕ್ಯಾನ್ ಮಾಡಿಸಬೇಕು ಎಂದು ಉವಾಸೆ ಹೇಳಿದ್ದಕ್ಕೆ ನೀನಾ, "ಕೊಡು, ನಾನೇ ಮಾಡ್ತೀನಿ," ಎಂದು ತೆಗೆದುಕೊಂಡಳು. ಎರಡನೇ ಸಾಲಿನಲ್ಲಿರುವವರು ಅವಳ ಅಮ್ಮ ಎಂದು ಅತ್ತೆಗೂ ತೋರಿಸಿದಳು. ಅಷ್ಟೇ ನೀನಾ ಮಾಡಿದ್ದು. ಮಿಕ್ಕಿದ್ದೆಲ್ಲ ಅತ್ತೆಯದು.

ಯುಗಾದಿಗೆ ಮೂರು ದಿನ ಮುಂಚೆ, ಶುಕ್ರವಾರ ಮಧ್ಯಾಹ್ನ, ಈಶಾ ಮಲಗಿದ ಮೇಲೆ ಸತ್ಯಭಾಮಾ ತಮ್ಮ ಕೋಣೆಯಿಂದ ಕರೆದರು.

"ಉವಾಸೆ, ಸ್ವಲ್ಪ ಬಾ ಮಗು. ಸದ್ದು ಮಾಡ್ಬೇಡ, ಅದು ಎದ್ದುಬಿಡತ್ತೆ."

ಮಂಚದ ಮೇಲೆ ರೇಷ್ಮೆಯ ರವಿಕೆ ಕಣದಲ್ಲಿ ಏನೋ ಸುತ್ತಿಟ್ಟಿದ್ದರು. ತಾವೇ ಬಿಚ್ಚಿದರು. ಮರದ ಚೌಕಟ್ಟು. ಅದರೊಳಗೆ ಉಗುರಿನಷ್ಟಿದ್ದ ಮುಖ ಅಂಗೈ ಅಗಲವಾಗಿ, ಸ್ವಲ್ಪ ಮಸುಕಾಗಿ, ಉವಾಸೆಯ ಕಡೆಗೇ ನೋಡುತ್ತಿತ್ತು. ಸುತ್ತ ಹೊಸ ಗಂಧದ ಹಾರ.

"ಆಶಾಲತಾ ತಂದುಕೊಟ್ಲು ಮೈಸೂರಿಂದ," ಎಂದರು ಸತ್ಯಭಾಮಾ. ಆಶಾಲತಾ ಅವರ ಹಳೆಯ ಗೆಳತಿ. "ಏರ್‌ಪೋರ್ಟಲ್ಲಿ ಹಿಡಿದ್ರಂತೆ ಪಾಪ, ವಾಟ್ ಈಸ್ ದಿಸ್ ವುಡ್ ಅಂತ. ಸತ್ತೋರಿಗೆ ಹಾಕೋದು ಅಂದ್ಲಂತೆ. ಆ ಆಫೀಸರು ಸಾರಿ ಮ್ಯಾಮ್ ಅಂತ ಹಾರ ಕೈಗೆ ಕೊಟ್ಟು ಕಳಿಸಿದನಂತೆ. ನಿಮ್ಮಮ್ಮ ಪರ್ಸಿನೊಳಗೆ ಮುದುಡಿಕೊಂಡು ಯಾಕಿರ್ಬೇಕು ಹೇಳು? ಗೋಡೆ ಮೇಲೆ ಇರಲಿ."

ಉವಾಸೆಯ ಕೈ ಮುಂದೆ ಬರಲಿಲ್ಲ. ಮುದುಕಿ ಅದನ್ನು ಗಮನಿಸದೆ ಕುಂಕುಮದ ಪುಟ್ಟ ಭರಣಿಯ ಮುಚ್ಚಳ ತೆಗೆಯುತ್ತಿದ್ದರು.

"ಕುಂಕುಮ ಒಂದು ಬಾಕಿ ಇದೆ. ಕೇಳ್ದೆ ಇಡಬಾರದು ಅಂತ ಬಿಟ್ಟಿದೀನಿ. ನಿಮ್ಮಪ್ಪ ಮೊದಲು ಹೋದ್ರಾ, ಅಮ್ಮ ಮೊದಲಾ?"

"ಏನು ಅಜ್ಜಿ?"

"ನಮ್ಮಲ್ಲಿ ಗಂಡ ಇರುವಾಗ್ಲೇ ಹೋದ್ರೆ ಮುತ್ತೈದೆ. ಫೋಟೋಗೆ ಕುಂಕುಮ ಇಡ್ತೀವಿ. ಅವನು ಮೊದಲು ಹೋಗಿದ್ರೆ ಇಡಲ್ಲ. ನನಗೂ ಇಡಲ್ಲ ಬಿಡು ನಾಳೆ. ಅದಕ್ಕೇ ಕೇಳಿದ್ದು, ಯಾರು ಮೊದಲು?"

ಇಪ್ಪತ್ತು ವರ್ಷದಲ್ಲಿ ಉವಾಸೆಯನ್ನು ಎಷ್ಟೋ ಜನ ಎಷ್ಟೋ ಕೇಳಿದ್ದರು. ಇಮಿಗ್ರೇಶನ್ನಿನವರು ತಾರೀಕು ಕೇಳಿದರು, ಶಾಲೆಯ ಕೌನ್ಸೆಲರು ಹೇಗನ್ನಿಸುತ್ತಿದೆ ಎಂದು ಕೇಳಿದರು, ಊರಿನವರು ಊರು ಕೇಳಿದರು. ಯಾರು ಮೊದಲು, ಯಾರು ಆಮೇಲೆ ಎಂದು ಹೀಗೆ, ಹಬ್ಬಕ್ಕೆ ಬಂದವರ ಸರದಿ ಕೇಳುವಂತೆ, ಯಾರೂ ಕೇಳಿರಲಿಲ್ಲ. ಅವಳು ಮಗ್ಗಿ ಒಪ್ಪಿಸುವ ಹುಡುಗಿಯಂತೆ ಹೇಳಿದಳು.

"ಅಪ್ಪ ಮೊದಲು. ನಾಲ್ಕು ದಿನ ಬಿಟ್ಟು ಅಣ್ಣ. ಅಜ್ಜಿಯೂ ಅವತ್ತೇ."

"ಅಯ್ಯೋ ಪಾಪವೇ. ಆಮೇಲೆ ಅಮ್ಮ."

"ಆಮೇಲೆ ಅಮ್ಮ ನನ್ನನ್ನು ಬಚ್ಚಿಟ್ಟು ಹೊರಗೆ ಹೋದರು. ಬರಲಿಲ್ಲ."

"ಬರಲಿಲ್ಲ ಅಂದ್ರೆ?" ಭರಣಿ ಹಿಡಿದ ಕೈ ನಿಂತಿತು. "ನೋಡಿದ್ದು ಯಾರು?"

"ಯಾರೂ ನೋಡಿಲ್ಲ."

"ದೇಹ?"

"ಸಿಕ್ಕಿಲ್ಲ."

"ಮತ್ತೆ ಹೋದ್ರು ಅಂತ ನಿಂಗೆ ಹೇಳಿದ್ಯಾರು?"

"ಯಾರೂ ಹೇಳಿಲ್ಲ ಅಜ್ಜಿ."

"ಅಯ್ಯೋ ನಾರಾಯಣ," ಎಂದವರೇ ಸತ್ಯಭಾಮಾ ಚೌಕಟ್ಟನ್ನು ಮಡಿಲಿಗೆಳೆದುಕೊಂಡು ಹಾರವನ್ನು ಕೀಳತೊಡಗಿದರು. ಹಿಂಬದಿಯ ಕೊಂಡಿಗೆ ದಾರ ಸಿಕ್ಕಿಕೊಂಡಿತ್ತು. ಗಂಟುಬೆರಳುಗಳಿಗೆ ಅದು ಬಿಡದು. ಎಳೆದ ರಭಸಕ್ಕೆ ಎರಡು ಚಕ್ಕೆ ಮುರಿದು ಹಾಸಿಗೆಯ ಮೇಲೆ ಬಿದ್ದವು. "ಇರೋರ ಫೋಟೋಗೆ ಹಾಕ್ಬಿಟ್ನಲ್ಲ. ಯಾವ ಬುದ್ಧಿ ನನಗೆ. ತಪ್ಪಾಯ್ತು ತಾಯಿ, ನೂರು ವರ್ಷ ಬಾಳಮ್ಮ, ಎಲ್ಲೇ ಇರು, ನೂರು ವರ್ಷ ಬಾಳು." ಅವರು ಉವಾಸೆಗೆ ಹೇಳುತ್ತಿರಲಿಲ್ಲ, ಫೋಟೋದವಳಿಗೆ ಹೇಳುತ್ತಿದ್ದರು.

ಯಾರಾದರೂ ಒಬ್ಬ ದೊಡ್ಡವರು ಈ ಮಾತು ಹೇಳಲಿ ಎಂದು ಉವಾಸೆ ನಾಲ್ಕನೇ ವಯಸ್ಸಿನಿಂದ ಆಸೆಪಟ್ಟಿದ್ದಳು. ಎಲ್ಲೋ ಇದ್ದಾಳೆ, ಇರಲಿ, ಬಾಳಲಿ. ಈಗ ಒಬ್ಬರು ಹೇಳುತ್ತಿದ್ದರು, ನಿಜವೆಂದೇ ನಂಬಿ. ತನ್ನೊಳಗೆ ಇಪ್ಪತ್ತು ವರ್ಷ ಬೆಚ್ಚಗಿದ್ದ ಮಾತು ಇನ್ನೊಬ್ಬರ ಬಾಯಿಂದ ಹೊರಬಿದ್ದ ಕೂಡಲೇ ತಣ್ಣಗಾಗಿಹೋಯಿತು. ಕೇಳಿದ ಕಿವಿಗೆ ಗೊತ್ತಾಯಿತು, ಇದನ್ನು ತಾನು ನಂಬುತ್ತಿಲ್ಲ. ಎಂದಿನಿಂದ ನಂಬುತ್ತಿಲ್ಲವೋ, ಅದು ಗೊತ್ತಾಗಲಿಲ್ಲ.

ಅವಳು ಮಂಚದ ಅಂಚಿಗೆ ಕೂತು ಮುದುಕಿಯ ಕೈಯ ಮೇಲೆ ಕೈಯಿಟ್ಟಳು.

"ಬಿಡಿ ಅಜ್ಜಿ. ಇರಲಿ."

"ಇರಲಿ ಅಂದ್ರೇನೇ? ಒಳ್ಳೇದಲ್ಲ ಅದು."

"ಅಮ್ಮ ಇಲ್ಲ."

ಈಶಾಳಿಂದ ಕಲಿತ ಕನ್ನಡದಲ್ಲಿ ಹೇಳಿದಳು. ತನ್ನ ಭಾಷೆಯಲ್ಲಿ ಅದು ಬರುತ್ತಿರಲಿಲ್ಲ, ಇಂಗ್ಲಿಷಿನಲ್ಲೂ ಬರುತ್ತಿರಲಿಲ್ಲ.

ಸತ್ಯಭಾಮಾ ಮಂಚದ ಕಂಬ ಹಿಡಿದು ಎದ್ದು, ಬೀರುವಿನಿಂದ ಒಗೆದ ಟವೆಲು ತೆಗೆದರು.

"ಸ್ನಾನ ಮಾಡು ಮಗು. ತಲೆಗೆ ನೀರು ಹಾಕ್ಕೋ. ಸಾವಿನ ಸುದ್ದಿ ಯಾವತ್ತು ಕಿವಿಗೆ ಬೀಳತ್ತೋ ಅವತ್ತು ಸ್ನಾನ, ಅವತ್ತಿಂದ ಸೂತಕ. ನಿಂಗೆ ಬಿದ್ದಿದ್ದು ಇವತ್ತು."

ತನ್ನದಲ್ಲದ ಶಾಸ್ತ್ರ ಎಂದು ಉವಾಸೆ ಹೇಳಬಹುದಿತ್ತು. ಹೇಳಲಿಲ್ಲ. ನಲ್ಲಿ ತಿರುಗಿಸಿ ನೀರಿನ ಸದ್ದಿನ ಕೆಳಗೆ ಕೂತಳು. ಬುಟ್ಟಿಗಳ ಹಿಂದೆ ಕೂಗದೆ ಇದ್ದ ಮಗು ಅಲ್ಲಿ ಕೂಗಿತು. ಹೊರಗೆ ಈಶಾ ಎದ್ದು, "ಊಸೆ ಎಲ್ಲಿ, ಊಸೆ ಎಲ್ಲಿ," ಎಂದು ಬಾಗಿಲು ಬಡಿಯುವುದೂ, "ಶ್, ಬರ್ತಾಳೆ, ಬಿಡು ಅವಳನ್ನ," ಎಂದು ಅಜ್ಜಿ ಹೇಳುವುದೂ ಕೇಳಿಸುತ್ತಿತ್ತು.

ಅವಳು ತಲೆ ಒರೆಸಿಕೊಂಡು ಬರುವ ಹೊತ್ತಿಗೆ ಸತ್ಯಭಾಮಾ ಸೊಸೆಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟಿದ್ದರು.

"ಹತ್ತು ದಿನಾನಾ?" ನೀನಾಳ ದನಿ. "ಅತ್ತೆ, ಬುಧವಾರ ನಮ್ಮ ರಿಲೀಸಿದೆ. ಅಲ್ಲದೆ ಅದು ಆಗಿದ್ದು ಟ್ವೆಂಟಿ ಇಯರ್ಸ್ ಹಿಂದೆ ಅಲ್ವಾ?"

"ಲೋಕಕ್ಕೆ ಇಪ್ಪತ್ತು ವರ್ಷ. ಅವಳಿಗೆ ಈಗ ಒಂದು ಗಂಟೆ ಆಯ್ತು."

"ಈಶಾನ ಯಾರು ನೋಡ್ಕೋತಾರೆ?"

"ನಿನ್ನ ಗಂಡ ವರ್ಕ್ ಫ್ರಮ್ ಹೋಮ್, ವರ್ಕ್ ಫ್ರಮ್ ಹೋಮ್ ಅಂತಿರ್ತಾನಲ್ಲ, ಮಾಡ್ಲಿ. ಮಗಳ ಮುಂದೆ ಕೂತು ಮಾಡ್ಲಿ, ಗೊತ್ತಾಗತ್ತೆ."

ಕೊನೆಗೆ ನೀನಾ, "ಅವಳನ್ನ ಬಸ್ಸಿಗೆ ಕಳಿಸ್ಬೇಡಿ, ನಾನು ಬರ್ತೀನಿ," ಎಂದಳು. ಬಂದು, ಕಾರಿನಲ್ಲಿ ಸ್ಕಾರ್‌ಬರೋವರೆಗೂ ಬಿಟ್ಟಳು. ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು. ಸ್ಟೀಲ್ಸ್‌ನ ಕೆಂಪು ದೀಪದಲ್ಲಿ ನಿಂತಾಗ ಮುಂದೆ ನೋಡಿಕೊಂಡೇ, "ನಮ್ಮಮ್ಮ ಪ್ರತಿ ಸಂಡೇ ಫೋನ್ ಮಾಡ್ತಾರೆ. ಎಷ್ಟೋ ಸಲ ನಾನು ಎತ್ತೋದೇ ಇಲ್ಲ," ಎಂದಳು.

ಬೆಯಾತಾ ವೃದ್ಧಾಶ್ರಮದ ಶಿಫ್ಟು ಮುಗಿಸಿ ಬಂದು ಶೂಸಿನ ಲೇಸು ಬಿಚ್ಚುತ್ತಿದ್ದಳು. ಉವಾಸೆ ಬಾಗಿಲಲ್ಲೇ ನಿಂತು ಹೇಳಿದಳು, "ಈ ವರ್ಷ ಅಮ್ಮನ ಹೆಸರು ಕೊಡುತ್ತೇನೆ."

ಚಿಕ್ಕಮ್ಮ ತಟಕ್ಕನೆ ತಲೆಯೆತ್ತಿದಳು. "ಸುದ್ದಿ ಬಂತಾ?"

ಆ ಕಣ್ಣುಗಳಲ್ಲಿದ್ದ ಆಸೆ ಉವಾಸೆಗೆ ಕಂಡಿತು. "ಇಲ್ಲ. ಏನೂ ಬಂದಿಲ್ಲ."

"ಮತ್ತೇನು ಅವಸರ? ಮುಂದಿನ ವರ್ಷ ಕೊಡೋಣ."

"ಕೊಡು ಕೊಡು ಅಂತ ಐದು ವರ್ಷದಿಂದ ಅಂದವಳು ನೀನೇ ಅಲ್ವಾ?"

"ನೀನು ಕೊಡಲ್ಲ ಅಂತ ಗೊತ್ತಿತ್ತು. ಅದಕ್ಕೇ ಅಂತಿದ್ದೆ." ಒಂದು ಶೂಸು ಕೈಯಲ್ಲೇ ಇತ್ತು. "ನೀನು ಕಾಯ್ತಿದ್ದೀಯ ಅನ್ನೋ ಧೈರ್ಯದ ಮೇಲೆ ನಾನು ಬಿಟ್ಟಿದ್ದೆ. ಈಗ ನೀನೂ ಬಿಟ್ರೆ ಅವಳಿಗೆ ಯಾರು ಕಾಯ್ತಾರೆ?"

ಉವಾಸೆ ರವಿಕೆ ಕಣ ಬಿಚ್ಚಿ ಚೌಕಟ್ಟನ್ನು ಮೇಜಿನ ಮೇಲಿಟ್ಟಳು. ಬೆಯಾತಾ ಒಂದು ಕಾಲಲ್ಲಿ ಶೂಸು, ಒಂದು ಕಾಲಲ್ಲಿ ಸಾಕ್ಸು ಹಾಕಿಕೊಂಡೇ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ಅವಳಲ್ಲ," ಎಂದಳು. "ದೊಡ್ಡದು ಮಾಡೋಕೆ ಹೋಗಿ ಕೆಡಿಸಿದ್ದಾರೆ. ಅವಳ ಹುಬ್ಬು ಹೀಗಿರಲಿಲ್ಲ. ಒಂದು ಮೇಲಿತ್ತು. ಯಾವಾಗಲೂ ಇನ್ನೊಬ್ಬರ ಮಾತು ನಂಬದವಳ ಹಾಗೆ."

"ಮತ್ತೆ?"

"ಮತ್ತೆ ಏನು? ಹೇಳಿದ ಹೊತ್ತಿಗೆ ಒಂದು ದಿನ ಬಂದವಳಲ್ಲ. ತನ್ನ ಮದುವೆಗೇ ಎರಡು ಗಂಟೆ ತಡವಾಗಿ ಬಂದಳು. ನಿನ್ನ ಅಪ್ಪ ಚರ್ಚಿನ ಮುಂದೆ ಬೆವರಿ ಬೆವರಿ ಹಣ್ಣಾಗಿದ್ದ. ಬಂದವಳು ಏನಂದಳು ಗೊತ್ತಾ? ಬಂದೆನಲ್ಲ, ಅದಕ್ಕೆ ಸಂತೋಷಪಡು ಅಂದಳು."

ಇಬ್ಬರೂ ನಕ್ಕರು. ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಎಂದು ಇಬ್ಬರಿಗೂ ತಿಳಿಯಲಿಲ್ಲ. ಇಷ್ಟು ವರ್ಷ ಬೆಯಾತಾ ಅಕ್ಕನ ವಿಷಯ ಒಂದು ಮಾತೂ ಹೇಳಿರಲಿಲ್ಲ. ಬರುವವಳ ವಿಷಯ ಏನು ಹೇಳುವುದು, ಬಂದ ಮೇಲೆ ನೋಡುತ್ತಾಳಲ್ಲ. ಈಗ ಆ ಹತ್ತು ದಿನ, ಶಿಫ್ಟಿಂದ ಬಂದ ಮೇಲೆ ದಿನಕ್ಕೊಂದರಂತೆ ಹೇಳಿದಳು. ಹುರುಳಿ ಬೇಯಿಸುವಾಗ ಹಾಡುತ್ತಿದ್ದದ್ದು. ನಾಯಿಗೆ 'ದಯವಿಟ್ಟು' ಸೇರಿಸಿ ಮಾತಾಡುತ್ತಿದ್ದದ್ದು. ಉವಾಸೆ ಹುಟ್ಟಿದಾಗ, ಇದರ ಕಿವಿ ನನ್ನದಲ್ಲ, ವಾಪಸ್ಸು ತಗೊಳ್ಳಿ ಎಂದಿದ್ದು. ಉವಾಸೆಗೆ ಅಮ್ಮ ಸಿಕ್ಕಿದ್ದು ಆ ಹತ್ತು ದಿನದಲ್ಲಿ. ಸಿಗುತ್ತಾ ಸಿಗುತ್ತಾ ಅಮ್ಮ ಇಲ್ಲದ್ದು ಹೆಚ್ಚಾಗುತ್ತಾ ಹೋಯಿತು. ನಿದ್ದೆ ಹತ್ತದು, ಅನ್ನ ಇಳಿಯದು. ಬೆನ್ನಿಗಾಗಿ ಕಾದಿದ್ದಳು, ಈಗ ಒಬ್ಬ ಹೆಂಗಸಿಗಾಗಿ ಅಳಬೇಕಾಗಿತ್ತು.

ಹತ್ತನೆಯ ದಿನ ಸತ್ಯಭಾಮಾ ಫೋನು ಮಾಡಿದರು. ಸ್ಮರಣೆಗೆ ಬರುತ್ತೀರಾ ಎಂದು ಉವಾಸೆ ಕೇಳಿದಳು.

"ಬೇಡ ಮಗು. ಅಲ್ಲಿ ನಿಮ್ಮೋರು ಇರ್ತಾರೆ. ನಾನು ಬಂದ್ರೆ ನನ್ನ ಮೊಣಕಾಲು ನೋಡ್ಕೊಳ್ಳೋದೇ ಆಗತ್ತೆ ನಿಂಗೆ. ಊಟ ಮಾಡಿದ್ಯಾ?"

ಕೊಲೆ ಶುರುವಾದ ದಿನ, ಏಪ್ರಿಲ್ ಏಳು, ಆ ವರ್ಷ ಸೋಮವಾರ ಬಿದ್ದಿತ್ತು. ಎಲ್ಲರಿಗೂ ಕೆಲಸ, ಹಾಗಾಗಿ ಸ್ಮರಣೆಯನ್ನು ಆ ವಾರದ ಶನಿವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದರು. ನಾರ್ತ್ ಯಾರ್ಕಿನ ಒಂದು ಚರ್ಚಿನ ಬೇಸ್‌ಮೆಂಟು. ಹಿಂದಿನ ದಿನ ಸಂಜೆ ಉವಾಸೆ ಅಲ್ಲಿಗೆ ಹೋದಾಗ ಪಾಸ್ಕಲ್ ಲ್ಯಾಪ್‌ಟಾಪ್ ಮುಂದೆ ಕೂತು ಪಟ್ಟಿ ಸರಿಮಾಡುತ್ತಿದ್ದ.

"ಒಂದು ಹೆಸರು ಸೇರಿಸಬೇಕು," ಎಂದಳು.

"ಹೇಳು."

"ಮುಕಾಮುಸೋನಿ. ಕೊನ್ಸೊಲತಾ ಮುಕಾಮುಸೋನಿ."

ಅವನ ಬೆರಳುಗಳು ನಿಂತವು. ಅದು ಯಾರ ಹೆಸರು ಎಂದು ಅವನಿಗೆ ಗೊತ್ತಿತ್ತು. ಐದು ವರ್ಷದಿಂದ ಪಟ್ಟಿಯಲ್ಲಿ ಅಪ್ಪ ಇದ್ದ, ಅಣ್ಣ ಇದ್ದ, ಅವಳು ಇರಲಿಲ್ಲ. ಟೈಪು ಮಾಡುವವನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ. ಕೇಳಬಾರದು ಎಂಬ ಕಟ್ಟುಪಾಡಿಗೆ ಅವನು ಕೇಳಿರಲಿಲ್ಲ.

"ಜಾಗ?" ಎಂದ, ಪರದೆಯಿಂದ ಕಣ್ಣು ತೆಗೆಯದೆ.

"ಖಾಲಿ ಬಿಡು."

"ದಿನ?"

"ಖಾಲಿ ಬಿಡು."

ಅವನು ಖಾಲಿ ಬಿಟ್ಟ. ಆಮೇಲೆ ತೀರಾ ಮೆಲ್ಲಗೆ, "ನನ್ನ ಅಪ್ಪನನ್ನು ಕೇಳಿದ್ದೇನೆ. ಕಾಗದ ಬರೆದು ಕೇಳಿದ್ದೇನೆ, ನಿಮ್ಮೂರ ಗುಡ್ಡದ ಕಡೆ ಕೊಂದವರು ಯಾರಾದರೂ ಗೊತ್ತಾ ಅಂತ. ಅವನು ಗೊತ್ತಿಲ್ಲ ಅಂದ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ," ಎಂದ.

ಉವಾಸೆ ಅವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಕೊನೆಗೆ ಅವನು ಕೇಳಿದ, "ವಯಸ್ಸು?"

"ಇಪ್ಪತ್ತೆಂಟು."

ಹೇಳಿದ ಮೇಲೆ ಹೊಳೆಯಿತು. ಅವಳಿಗೆ ಈಗ ಇಪ್ಪತ್ತನಾಲ್ಕು. ಇನ್ನು ನಾಲ್ಕು ವರ್ಷಕ್ಕೆ ಅಮ್ಮನ ಓರಗೆಯವಳಾಗುತ್ತಾಳೆ, ಆಮೇಲೆ ಅಮ್ಮನಿಗಿಂತ ದೊಡ್ಡವಳು.

ಶನಿವಾರ ಚರ್ಚಿನ ಬೇಸ್‌ಮೆಂಟು ತುಂಬಿತ್ತು. ಹಿರಿಯರು ಮುಂದೆ, ಮಕ್ಕಳಿರುವವರು ಬಾಗಿಲ ಹತ್ತಿರ, ಹುಡುಗರು ಗೋಡೆಗೊರಗಿ. ಕುರ್ಚಿ ಸಾಲದೆ ಪಾಸ್ಕಲ್ ಮೇಲಿನಿಂದ ಇನ್ನಷ್ಟು ಹೊತ್ತು ತಂದ. ಎರಡನೇ ಸಾಲಿನಲ್ಲಿ ಬೆಯಾತಾ ಕೈಚೀಲವನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದಳು. ಉವಾಸೆ ಮೈಕಿನ ಮುಂದೆ ನಿಂತು ಮೊದಲ ಹಾಳೆ ತೆಗೆದಳು. ಹೆಸರು, ವಯಸ್ಸು. ಹೆಸರು, ವಯಸ್ಸು. ದನಿ ಪ್ರತಿ ವರ್ಷದ ಹಾಗೇ ಇತ್ತು. ಅಪ್ಪನ ಹೆಸರು ಬಂತು, ಹೋಯಿತು. ಆರನೇ ಹಾಳೆ ತಿರುವಿದಾಗ ನಡುವಿನಲ್ಲಿ ಅದು ಕಂಡಿತು, ಇನ್ನೂ ಎಂಟು ಸಾಲು ಕೆಳಗೆ. ಏಳು. ಐದು. ಎರಡು.

"ಕೊನ್ಸೊಲತಾ ಮುಕಾಮುಸೋನಿ," ಎಂದು ಓದಿದಳು. "ಇಪ್ಪತ್ತೆಂಟು."

ಎರಡನೇ ಸಾಲಿನಿಂದ ಒಂದು ಸದ್ದು ಬಂತು, ಯಾರೋ ಭಾರವಾದದ್ದನ್ನು ಕೆಳಗಿಟ್ಟಂತೆ. ತಲೆಗಳು ತಿರುಗಿದವು. ಗೊತ್ತಿದ್ದವರಿಗೆ ಗೊತ್ತಾಯಿತು. ಅವಳು ನಿಲ್ಲಿಸುತ್ತಾಳೆ, ನಿಲ್ಲಿಸಲಿ, ಎಂದು ಎಲ್ಲರೂ ಕಾದರು. ನಿಲ್ಲಿಸಬಹುದಿತ್ತು. ಆದರೆ ಅಮ್ಮನ ಹೆಸರಿನ ಕೆಳಗೆ ಇನ್ನೊಂದು ಹೆಸರಿತ್ತು. ಅದನ್ನು ಕೊಟ್ಟವರೂ ಇಲ್ಲೇ ಎಲ್ಲೋ ಕೂತಿದ್ದರು, ತಮ್ಮ ಸಾಲು ಬರಲೆಂದು.

ಅವಳು ಉಸಿರು ತೆಗೆದುಕೊಂಡು ಆ ಸಾಲಿಗೆ ಬಂದಳು.

"ಮುಕಾಮ್ವೇಜಿ," ಎಂದು ಓದಿದಳು. "ಎರಡು ವರ್ಷ."